ಮಲೆನಾಡಿನ ಮಕ್ಕಳಿಗೊಂದು ಬೈಬಲ್ ಗೊಂಬೆಯಾಟ: ಟಿವಿ ಕಾರ್ಯಕ್ರಮ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ ಕಡೆಯ ಸಂಡೇ ಸ್ಕೂಲ್ ಶಿಕ್ಷಕರು, ಕ್ಯಾಟಿಕಿಸಂ ಹೇಳಿಕೊಡುವ ಸಿಸ್ಟರುಗಳು, ಚರ್ಚಿನ ಯುವಕ ಸಂಘದವರು ತಾವೇ ಒಂದು ಗೊಂಬೆ ಕಾರ್ಯಕ್ರಮ ಮಾಡಿ ಊರಿನ ಕೇಬಲ್‌ನಲ್ಲೋ ಯೂಟ್ಯೂಬ್‌ನಲ್ಲೋ ಹಾಕಬೇಕೆಂದರೆ ಏನೇನು ಬೇಕು ಎಂಬುದನ್ನು ಇಲ್ಲಿ ಬರೆದಿದೆ. ಗುರಿ 8 ನಿಮಿಷದ ಸಂಚಿಕೆ, ಒಂದು ವರ್ಷಕ್ಕೆ 6 ಸಂಚಿಕೆ. ಇದಕ್ಕಿಂತ ಹೆಚ್ಚು ಹೊತ್ತುಕೊಂಡ ತಂಡಗಳು ಮೂರನೇ ಸಂಚಿಕೆಗೆ ಸುಸ್ತಾಗುತ್ತವೆ. ಗೊಂಬೆ ಆಡಿಸಲು ಮೂವರು, ಕ್ಯಾಮೆರಾಕ್ಕೆ ಒಬ್ಬರು, ಧ್ವನಿ ನೋಡಿಕೊಳ್ಳಲು ಒಬ್ಬರು, ಸ್ಕ್ರಿಪ್ಟ್ ಹಿಡಿದು ತಪ್ಪು ಗುರುತು ಹಾಕಲು ಒಬ್ಬರು, ಹೀಗೆ ಆರು ಜನ ಸಾಕು.

ಕೆಲಸದ ಹಂಚಿಕೆಯನ್ನು ಮಳೆಯೇ ನಿರ್ಧರಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಂಚಿನ ಅಥವಾ ಶೀಟಿನ ಚಾವಣಿಯ ಕೆಳಗೆ ಒಂದು ಸಾಲನ್ನೂ ಶುದ್ಧವಾಗಿ ರೆಕಾರ್ಡ್ ಮಾಡಲು ಆಗದು. ಆದ್ದರಿಂದ ನವೆಂಬರ್, ಡಿಸೆಂಬರ್‌ನಲ್ಲಿ ಕಥೆ ಬರೆಯಿರಿ. ಜನವರಿ, ಫೆಬ್ರವರಿಯಲ್ಲಿ ಗೊಂಬೆ ಮಾಡಿ. ಮಾರ್ಚ್ ಮುಗಿಯುವುದರೊಳಗೆ ಆರೂ ಸಂಚಿಕೆಗಳ ಮಾತು, ಹಾಡು ರೆಕಾರ್ಡ್ ಆಗಿರಲಿ. ಬೇಸಿಗೆ ರಜೆಯಲ್ಲಿ ವಿಬಿಎಸ್ (ರಜಾ ಬೈಬಲ್ ಶಾಲೆ) ನಡೆಯುವ ದಿನಗಳನ್ನು ಬಿಟ್ಟು ಚರ್ಚ್ ಹಾಲಿನಲ್ಲಿ ಚಿತ್ರೀಕರಣ. ಎಡಿಟಿಂಗ್ ಮಳೆಗಾಲದ ಕೆಲಸ. ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ (ಮರಿಯಮ್ಮನ ಜನ್ಮದಿನದ ಹಬ್ಬ) ಮೊದಲ ಸಂಚಿಕೆ ಹೊರಬರುವಂತೆ ಲೆಕ್ಕ ಹಾಕಿದರೆ ಕ್ರಿಸ್ಮಸ್‌ವರೆಗೆ ತಿಂಗಳಿಗೊಂದೂವರೆ ಸಂಚಿಕೆಯಂತೆ ಬಿಡಬಹುದು.

ಕಥೆ: ನೀತಿಯನ್ನು ಹೇಳಿಸಬೇಡಿ, ಮಾಡಿಸಿ

ಇಂಥ ಕಾರ್ಯಕ್ರಮಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಕೊನೆಯ ಒಂದು ನಿಮಿಷದಲ್ಲಿ ಗೊಂಬೆಯೊಂದು ಕ್ಯಾಮೆರಾ ಕಡೆ ತಿರುಗಿ "ಮಕ್ಕಳೇ, ಇದರಿಂದ ನಾವು ಕಲಿಯುವ ಪಾಠವೇನೆಂದರೆ" ಎಂದು ಶುರುಮಾಡಿತೋ, ಮಗು ಎದ್ದು ನೀರು ಕುಡಿಯಲು ಹೋಗುತ್ತದೆ. ಸಂಚಿಕೆಯ ನೀತಿ ಗೊಂಬೆಯ ಕೈಯಿಂದ ನಡೆಯುವ ಒಂದು ಕೆಲಸವಾಗಿರಬೇಕು. ಬರೆಯಲು ಕೂರುವ ಮೊದಲು ಒಂದು ಚೀಟಿಯಲ್ಲಿ ಈ ವಾಕ್ಯ ತುಂಬಿಸಿ: "ಕೊನೆಯಲ್ಲಿ ಇಂಥ ಗೊಂಬೆ ಇಂಥ ವಸ್ತುವನ್ನು ಇಂಥವರಿಗೆ ಕೊಡುತ್ತದೆ, ಅಥವಾ ತೆಗೆಯುತ್ತದೆ, ಬಿಡುತ್ತದೆ, ತರುತ್ತದೆ." ಈ ವಾಕ್ಯ ತುಂಬಲು ಬಾರದಿದ್ದರೆ ಆ ಕಥೆ ಇನ್ನೂ ಗೊಂಬೆಯಾಟಕ್ಕೆ ತಯಾರಾಗಿಲ್ಲ.

ಉದಾಹರಣೆಗೆ ಜಕ್ಕಾಯನ ಕಥೆ, ಲೂಕ 19:1-10. ಯೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ, ಕುಳ್ಳ, ಜನರ ಗುಂಪಿನಲ್ಲಿ ಯೇಸುವನ್ನು ಕಾಣಲಾಗದೆ ಅತ್ತಿ ಜಾತಿಯ ಮರ ಹತ್ತುತ್ತಾನೆ. ಯೇಸು ಅವನನ್ನು ಹೆಸರು ಹಿಡಿದು ಕೆಳಗೆ ಕರೆದು, ಈ ದಿನ ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕು ಅನ್ನುತ್ತಾರೆ. ಆಮೇಲೆ ಜಕ್ಕಾಯ ಆಸ್ತಿಯ ಅರ್ಧ ಬಡವರಿಗೆ ಕೊಡುತ್ತೇನೆ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಅನ್ನುತ್ತಾನೆ. ಈ ಅನುಕ್ರಮವನ್ನು ಕೆಡಿಸಬೇಡಿ. ಮಕ್ಕಳಿಗೆ ಹೇಳುವಾಗ ಎಷ್ಟೋ ಸಲ ಇದು ತಲೆಕೆಳಗಾಗುತ್ತದೆ: ಅವನು ಒಳ್ಳೆಯವನಾದ, ಅದಕ್ಕೇ ಯೇಸು ಮನೆಗೆ ಬಂದರು ಎಂದು. ಸುವಾರ್ತೆಯಲ್ಲಿ ಕರೆ ಮೊದಲು, ಬದಲಾವಣೆ ಆಮೇಲೆ. ಸ್ಕ್ರಿಪ್ಟಿನಲ್ಲೂ ಹಾಗೇ ಇರಬೇಕು.

ಇದಕ್ಕೆ ಮಲೆನಾಡಿನ ಕಥೆ ಹೀಗೆ ಹೆಣೆಯಬಹುದು. ಮೂರು ಗೊಂಬೆ: ಕೆಂಜ ಎಂಬ ಕೆಂಜಳಿಲು, ಮಂಗಟ್ಟೆ ಮಾಮ ಎಂಬ ಉದ್ದ ಕೊಕ್ಕಿನ ಹಕ್ಕಿ, ಮತ್ತು ಅಜ್ಜಿ. ಮಳೆಗಾಲಕ್ಕೆಂದು ಅಜ್ಜಿ ಮಣ್ಣು ಮೆತ್ತಿ ಇಟ್ಟ ಹಲಸಿನ ಬೀಜದಲ್ಲಿ ಕೆಂಜ ಮೂರನ್ನು ಕದಿಯುತ್ತಾನೆ. ಅಜ್ಜಿಗೆ ಗೊತ್ತಾಗುತ್ತದೆ, ಆದರೂ ಊಟಕ್ಕೆ ಕರೆಯುತ್ತಾಳೆ.

ಅಜ್ಜಿ: ಕೆಂಜಾ, ಮರದ ಮೇಲೆ ಎಂತ ಮಾಡ್ತಿದೀಯ? ಇಳಿ ಕೆಳಗೆ. ಇವತ್ತು ನಮ್ಮನೇಲೇ ಊಟ ನಿಂಗೆ.

ಕೆಂಜ: ನಂಗಾ? ನಿಜವಾಗ್ಲೂ ನಂಗಾ ಅಜ್ಜೀ?

ಅಜ್ಜಿ: ಮತ್ಯಾರಿಗೆ ಮಾರಾಯಾ? ಕೈ ತೊಳ್ಕಂಡು ಬಾ.

ಕೆಂಜ: (ಸುಮ್ಮನೆ ತನ್ನ ಕೈ ನೋಡಿಕೊಳ್ಳುತ್ತಾನೆ. ಎರಡು ಸೆಕೆಂಡ್ ಮೌನ.)

ಕೊನೆಯ ದೃಶ್ಯದಲ್ಲಿ ಕೆಂಜ ಹನ್ನೆರಡು ಬೀಜಗಳನ್ನು ಒಂದೊಂದಾಗಿ ಅಜ್ಜಿಯ ಮೊರದಲ್ಲಿ ಇಡುತ್ತಾನೆ. ನೋಡುವ ಮಗು ಎಣಿಸುತ್ತದೆ. ಮೂರು ಕದ್ದವನು ಹನ್ನೆರಡು ಯಾಕೆ ಕೊಟ್ಟ ಎಂದು ಮನೆಯಲ್ಲಿ ಕೇಳುತ್ತದೆ. ಆ ಪ್ರಶ್ನೆ ಹುಟ್ಟಿದರೆ ಸಂಚಿಕೆ ಗೆದ್ದಂತೆ. ಉತ್ತರ ಹೇಳಲು ಅಪ್ಪ ಅಮ್ಮ ಇದ್ದಾರೆ, ಭಾನುವಾರದ ತರಗತಿ ಇದೆ.

ಸಮಯದ ಹಂಚಿಕೆ: ಶೀರ್ಷಿಕೆ ಹಾಡು 20 ಸೆಕೆಂಡ್, ಗೊಂಬೆಗಳ ತಾಪತ್ರಯ ಸುಮಾರು 2 ನಿಮಿಷ, ಬೈಬಲ್ ಕಥೆ 3 ನಿಮಿಷ, ಮತ್ತೆ ಗೊಂಬೆಗಳು ಒಂದು ಮುಕ್ಕಾಲು ನಿಮಿಷ, ಉಳಿದದ್ದು ಹಾಡು ಮತ್ತು ಕಂಠಪಾಠದ ಬೈಬಲ್ ವಚನ. ಮಕ್ಕಳ ಕಾರ್ಯಕ್ರಮದಲ್ಲಿ ಮೌನ, ನಗು, ಓಡಾಟ ಎಲ್ಲ ಸೇರಿ ನಿಮಿಷಕ್ಕೆ 80ರಿಂದ 90 ಪದ ಹಿಡಿಸುತ್ತದೆ. ಅಂದರೆ ಹಾಡು ಬಿಟ್ಟು ಸುಮಾರು 600 ಪದ. 900 ಪದ ಬರೆದರೆ ಗೊಂಬೆ ಬಾಯಿ ಬಡಿಯುತ್ತಲೇ ಇರುತ್ತದೆ, ಏನನ್ನೂ ಮಾಡುವುದಿಲ್ಲ.

ಗೊಂಬೆಗಳು ಮನೆಮಾತಿನಲ್ಲೇ ಮಾತಾಡಲಿ: ಎಂತ, ಮಾರಾಯ, ಹೌದನಾ. ಬೈಬಲ್ ಕಥೆ ಹೇಳುವ ಧ್ವನಿ ಮಾತ್ರ ಸರಳ ಬರಹದ ಕನ್ನಡ. ಇಲ್ಲಿನ ಕ್ರೈಸ್ತ ಮನೆಗಳಲ್ಲಿ ಕೊಂಕಣಿ, ತಮಿಳು, ಮಲಯಾಳಂ ಮಾತಾಡುವ ಮಕ್ಕಳೂ ಇದ್ದಾರೆ. ಅವರಿಗೆ ಹಳೆಯ ಬೈಬಲ್ ಭಾಷೆಯ ಉದ್ದ ವಾಕ್ಯಗಳು ತಲುಪುವುದಿಲ್ಲ. ವಚನ ಭಾಗವನ್ನು ನಿಮ್ಮದೇ ಮಾತಿನಲ್ಲಿ ಹೇಳಿ, ಕಂಠಪಾಠದ ಒಂದು ವಚನವನ್ನಷ್ಟೇ ನಿಮ್ಮ ಸಭೆ ಬಳಸುವ ಅನುವಾದದಿಂದ ಓದಿಸಿ. ಕ್ಯಾಥೋಲಿಕ್ ಮತ್ತು ಪ್ರೊಟೆಸ್ಟೆಂಟ್ ಅನುವಾದಗಳಲ್ಲಿ ಪದಗಳು ಬೇರೆ ಬೇರೆ. ಎರಡೂ ಕಡೆಯವರು ನೋಡುವ ಕಾರ್ಯಕ್ರಮವಾದರೆ ಯಾವುದನ್ನು ಬಳಸುತ್ತೀರೆಂದು ಮೊದಲೇ ಒಪ್ಪಿಕೊಳ್ಳಿ. ಗೊಂಬೆ ಹೊಲಿಯುವ ಮೊದಲೇ ಸ್ಕ್ರಿಪ್ಟನ್ನು ಫಾದರ್ ಅಥವಾ ಪಾಸ್ಟರ್‌ಗೆ ತೋರಿಸಿ. ಚಿತ್ರೀಕರಣ ಮುಗಿದ ಮೇಲೆ ತೋರಿಸಿದರೆ ತಿದ್ದುಪಡಿಗೆ ದಾರಿಯಿರುವುದಿಲ್ಲ.

ಇನ್ನೊಂದು ಮಾತು. ಕೇಬಲ್‌ನಲ್ಲಿ ಬಂದದ್ದನ್ನು ಎಲ್ಲ ಮನೆಯ ಮಕ್ಕಳೂ ನೋಡುತ್ತಾರೆ. ಕೆಟ್ಟ ಕೆಲಸ ಮಾಡುವ ಗೊಂಬೆಗೆ ಬೇರೆ ಧರ್ಮದ, ಬೇರೆ ಜಾತಿಯ ಹೆಸರು, ಉಡುಗೆ, ಮಾತಿನ ಧಾಟಿ ಕೊಡಲೇಬೇಡಿ. ದಾರಿಯಲ್ಲಿ ಬಿದ್ದವನನ್ನು ಎತ್ತಿ, ಗಾಯಕ್ಕೆ ಎಣ್ಣೆ ದ್ರಾಕ್ಷಾರಸ ಹಾಕಿ, ವಸತಿಗೃಹದವನಿಗೆ ಎರಡು ದಿನಾರಿ ನಾಣ್ಯ ಕೊಟ್ಟವನು ಕೇಳುಗರು ದೂರವಿಟ್ಟಿದ್ದ ಸಮಾರ್ಯದವನು ಎಂಬುದೇ ಯೇಸು ಹೇಳಿದ ಆ ಸಾಮತಿಯ (ದೃಷ್ಟಾಂತ ಕಥೆಯ) ಜೀವ. ಅದನ್ನು ಹೇಳುವ ಕಾರ್ಯಕ್ರಮ ಇನ್ನೊಬ್ಬರನ್ನು ಹೀನವಾಗಿ ತೋರಿಸಬಾರದು.

ಗೊಂಬೆಯಾಟಕ್ಕೆ ಚೆನ್ನಾಗಿ ಒಗ್ಗುವ ಬೇರೆ ಕಥೆಗಳು: ಐದು ಜವೆ ರೊಟ್ಟಿ ಎರಡು ಮೀನು ಕೊಟ್ಟ ಹುಡುಗ (ಯೋಹಾನ 6), ಕಳೆದುಹೋದ ಕುರಿ (ಲೂಕ 15), ನಾಮಾನನ ಮನೆಯ ಪುಟ್ಟ ಸೇವಕಿ (2 ಅರಸುಗಳು 5). ನಾಮಾನ ಯೊರ್ದನಿನಲ್ಲಿ ಏಳು ಸಲ ಮುಳುಗುವುದು ಪರದೆಯ ಹಿಂದೆ ಗೊಂಬೆಗೆ ಹೇಳಿ ಮಾಡಿಸಿದ ಕೆಲಸ. ಶಿಲುಬೆಯ ಮರಣವನ್ನು ಬಾಯಿ ಆಡುವ ಗೊಂಬೆಗಳಿಂದ ತೋರಿಸುವುದು ಬೇಡ.

ಯೇಸುವಿಗೂ ಬಾಯಿ ಆಡಿಸುವ ಗೊಂಬೆ ಮಾಡದಿರುವುದು ಒಳ್ಳೆಯದು. ಅಳಿಲಿನ ಪಕ್ಕ ಅದೇ ಬಟ್ಟೆಯ, ಅದೇ ಗುಂಡು ಕಣ್ಣಿನ ಯೇಸು ನಿಂತರೆ ಮಕ್ಕಳು ನಗುತ್ತಾರೆ, ಹಿರಿಯರು ನೊಂದುಕೊಳ್ಳುತ್ತಾರೆ. ಬೈಬಲ್ ಭಾಗವನ್ನೆಲ್ಲ ನೆರಳುಗೊಂಬೆಯಲ್ಲಿ ಮಾಡಿ. ತೊಗಲುಗೊಂಬೆ ಆಡಿದ ನಾಡಿಗೆ ಅದು ಹೊಸತೇನಲ್ಲ. ಕಪ್ಪು ಚಾರ್ಟ್ ಹಾಳೆಯನ್ನು ಎರಡು ಪದರ ಅಂಟಿಸಿ 25ರಿಂದ 30 ಸೆಂ.ಮೀ. ಎತ್ತರದ ಆಕೃತಿ ಕತ್ತರಿಸಿ, ಭುಜದಲ್ಲಿ ಒಂದು ಕೀಲು ಇಡಿ, ಬಿದಿರಿನ ಕಡ್ಡಿ ಕಟ್ಟಿ. 4 ಅಡಿ ಅಗಲದ ಬಿಳಿ ಪಂಚೆಯನ್ನು ಬಿಗಿಯಾಗಿ ಎಳೆದು ಚೌಕಟ್ಟಿಗೆ ಹೊಡೆಯಿರಿ. ಹಿಂದಿನ ದೀಪ ಚಿಕ್ಕದಾಗಿರಬೇಕು, ಒಂದೇ ಆಗಿರಬೇಕು. ಟ್ಯೂಬ್‌ಲೈಟ್ ಇಟ್ಟರೆ ಬೆಳಕು ಅಗಲದಿಂದ ಬಂದು ನೆರಳಿನ ಅಂಚು ಮಸುಕಾಗುತ್ತದೆ. ಆಕೃತಿಯನ್ನು ಬಟ್ಟೆಗೆ ತಾಗಿಸಿಯೇ ಹಿಡಿಯಬೇಕು, 5 ಸೆಂ.ಮೀ. ಹಿಂದೆ ಸರಿದರೂ ಕೈಬೆರಳುಗಳು ಮಾಯವಾಗುತ್ತವೆ.

ಗೊಂಬೆ ಕಟ್ಟುವುದು

ಮೊದಲ ಗೊಂಬೆಯಾಗಿ ಮಂಗಟ್ಟೆಯನ್ನೇ ಮಾಡಿ. ಕೊಕ್ಕೇ ಬಾಯಿಯಾದ್ದರಿಂದ ತುಟಿಯ ರೂಪ ತಿದ್ದುವ ಕಷ್ಟವಿಲ್ಲ, ಮಕ್ಕಳಿಗೆ ಕಾಡಂಚಿನ ಪರಿಚಿತ ಹಕ್ಕಿ. ಒಂದು ಗೊಂಬೆಗೆ ಬೇಕಾದದ್ದು:

- 12 ಮಿ.ಮೀ. ದಪ್ಪದ ಫೋಮ್, 3 ಅಡಿ × 2 ಅಡಿ
- ಫ್ಲೀಸ್ ಬಟ್ಟೆ, 1 ಮೀಟರ್
- ಬಾಯಿ ತಟ್ಟೆಗೆ 3 ಮಿ.ಮೀ. ಪ್ಲಾಸ್ಟಿಕ್ ಹಾಳೆ, 12 × 20 ಸೆಂ.ಮೀ.
- ಕ್ಯಾನ್ವಾಸ್ ಪಟ್ಟಿ, 5 ಸೆಂ.ಮೀ. ಅಗಲ, ಎಲಾಸ್ಟಿಕ್, 25 ಮಿ.ಮೀ. ಅಗಲ, ಅರ್ಧ ಮೀಟರ್
- ಫೋಮ್‌ಗೆ ಹಾಕುವ ರಬ್ಬರ್ ಅಂಟು, ಚಿಕ್ಕ ಡಬ್ಬಿ
- ಒಂದು ಟೇಬಲ್ ಟೆನಿಸ್ ಚೆಂಡು, ಹಳೆಯ ಕೊಡೆಯ ಎರಡು ಕಡ್ಡಿ
- ಒಳ್ಳೆಯ ಒಂದು ಅಡಿಕೆ ಹಾಳೆ

ಬಾಯಿ ತಟ್ಟೆ ಮೊದಲು. ಪ್ಲಾಸ್ಟಿಕ್ ಹಾಳೆಯಲ್ಲಿ ಅಗಲ 11, ಉದ್ದ 18 ಸೆಂ.ಮೀ. ಮೊಟ್ಟೆಯಾಕಾರ ಕತ್ತರಿಸಿ ಅಡ್ಡಕ್ಕೆ ಎರಡು ಭಾಗ ಮಾಡಿ. ಎರಡರ ನಡುವೆ 4 ಮಿ.ಮೀ. ಸಂದು ಬಿಟ್ಟು ಕ್ಯಾನ್ವಾಸ್ ಪಟ್ಟಿಯಿಂದ ಎರಡೂ ಬದಿ ಅಂಟಿಸಿ. ಸಂದು ಬಿಡದಿದ್ದರೆ ಬಾಯಿ ಪೂರ್ತಿ ಮುಚ್ಚುವುದಿಲ್ಲ, ಗೊಂಬೆ ಸದಾ ಬೆಪ್ಪಾಗಿ ಕಾಣುತ್ತದೆ. ರಟ್ಟಿನ ತಟ್ಟೆ ಬಯಲುಸೀಮೆಯಲ್ಲಿ ನಡೆಯುತ್ತದೆ, ಇಲ್ಲಿ ಒಂದು ಮಳೆಗಾಲಕ್ಕೆ ಸೊಟ್ಟಗಾಗುತ್ತದೆ. ಮೇಲಿನ ಭಾಗಕ್ಕೆ ನಾಲ್ಕು ಬೆರಳಿಗೆ ಒಂದು ಎಲಾಸ್ಟಿಕ್ ಕುಣಿಕೆ, ಕೆಳಗಿನದಕ್ಕೆ ಹೆಬ್ಬೆರಳಿಗೆ ಒಂದು. ಕುಣಿಕೆ ಬಿಗಿಯಾಗಿಯೇ ಇರಲಿ. ಸಡಿಲವಾದರೆ ಬಾಯಿ ತೆರೆಯುತ್ತದೆ, ಮುಚ್ಚುವಾಗ ಕೈ ಜಾರುತ್ತದೆ.

ಕೊಕ್ಕಿಗೆ ಅಡಿಕೆ ಹಾಳೆ. ಅರ್ಧ ಗಂಟೆ ನೀರಿನಲ್ಲಿ ನೆನೆಸಿದರೆ ಬಗ್ಗುತ್ತದೆ. 18 ಸೆಂ.ಮೀ. ಉದ್ದದ ಎರಡು ತುಂಡು ಕತ್ತರಿಸಿ, ಬಾಗಿದ ಮರದ ತುಂಡಿಗೋ ಬಾಟಲಿಗೋ ಸುತ್ತಿ ದಾರದಿಂದ ಕಟ್ಟಿ, ಎರಡು ದಿನ ಒಳ್ಳೆಯ ಬಿಸಿಲಿಗಿಡಿ. ಒಣಗಿದ ಮೇಲೆ ಗಟ್ಟಿ, ಆದರೆ ಕಾಗದದಷ್ಟೇ ಹಗುರ. ಪೂರ್ತಿ ಒಣಗುವ ಮೊದಲು ಬಣ್ಣ ಹಚ್ಚಿದರೆ ಒಳಗಿನಿಂದ ಬೂಸ್ಟು ಬಂದು ಬಣ್ಣ ಏಳುತ್ತದೆ. ಒಳಹೊರಗು ಎರಡು ಕೋಟ್ ವಾರ್ನಿಶ್, ಆಮೇಲೆ ಹಳದಿ ಬಣ್ಣ, ಅದರ ಮೇಲೆ ಹೊಳಪಿಲ್ಲದ ಕೊನೆಯ ಕೋಟ್. ಹೊಳೆಯುವ ಕೊಕ್ಕು ದೀಪವನ್ನು ಕ್ಯಾಮೆರಾಕ್ಕೇ ಎಸೆಯುತ್ತದೆ.

ತಲೆಗೆ ಫೋಮ್‌ನಿಂದ ಒಂದು ಬಟ್ಟಲು ಕಟ್ಟಬೇಕು. 40 ಸೆಂ.ಮೀ. ಉದ್ದ, 16 ಸೆಂ.ಮೀ. ಅಗಲದ ಪಟ್ಟಿ ತೆಗೆದುಕೊಂಡು ಮೇಲಂಚಿನಲ್ಲಿ ಸಮದೂರಕ್ಕೆ ನಾಲ್ಕು ತ್ರಿಕೋನ ಕತ್ತರಿಸಿ, ಪ್ರತಿಯೊಂದೂ 7 ಸೆಂ.ಮೀ. ಆಳ, 5 ಸೆಂ.ಮೀ. ಅಗಲ. ಕತ್ತರಿಸಿದ ಅಂಚುಗಳೆರಡಕ್ಕೂ ರಬ್ಬರ್ ಅಂಟು ಹಚ್ಚಿ, ಕೈಗೆ ಅಂಟದಷ್ಟು ಒಣಗುವವರೆಗೆ ಕಾದು, ಆಮೇಲೆ ಒತ್ತಿ. ಹಸಿಯಾಗಿದ್ದಾಗಲೇ ಒತ್ತುವುದು ಎಲ್ಲರೂ ಮಾಡುವ ತಪ್ಪು. ಜೋಡಣೆ ನಿಲ್ಲುವುದೇ ಇಲ್ಲ. ಬಿಳಿ ಮರದ ಅಂಟು ಫೋಮ್‌ಗೆ ಬೇಡ, ಒಣಗಿದ ಜಾಗ ಕಲ್ಲಾಗುತ್ತದೆ. ರಬ್ಬರ್ ಅಂಟಿನ ಹೊಗೆ ತಲೆ ಸುತ್ತಿಸುತ್ತದೆ, ಬೆಂಕಿಯೂ ಬೇಗ ಹಿಡಿಯುತ್ತದೆ. ಜಗಲಿಯಲ್ಲಿ ಕೂತು ಮಾಡಿ, ಮಕ್ಕಳನ್ನು ಈ ಹಂತದಿಂದ ದೂರವಿಡಿ.

ಕಣ್ಣಿಗೆ ಚೆಂಡನ್ನು ಎರಡು ಹೋಳು ಮಾಡಿ. ಕಪ್ಪು ಗುಡ್ಡೆಗಳನ್ನು ಸರಿ ನಡುವೆ ಅಂಟಿಸಿದರೆ ಗೊಂಬೆ ಶೂನ್ಯವನ್ನು ನೋಡುತ್ತದೆ. ಎರಡೂ ಗುಡ್ಡೆ ಮೂಗಿನ ಕಡೆಗೆ 3 ಮಿ.ಮೀ. ಸರಿದಿರಲಿ, ಮೇಲಿನ ರೆಪ್ಪೆಯ ಬಟ್ಟೆ ಗುಡ್ಡೆಯ ಅಂಚನ್ನು ಚೂರು ಮುಚ್ಚಲಿ. ಮೊದಲು ಗುಂಡುಪಿನ್ನಿನಿಂದ ಚುಚ್ಚಿಟ್ಟು, ಮೊಬೈಲ್ ಕ್ಯಾಮೆರಾದಲ್ಲಿ ಒಂದೂವರೆ ಮೀಟರ್ ದೂರದಿಂದ ನೋಡಿ, ಗೊಂಬೆ ನಿಮ್ಮನ್ನೇ ನೋಡುತ್ತಿದೆ ಅನ್ನಿಸಿದಾಗ ಮಾತ್ರ ಅಂಟಿಸಿ. ಈ ಒಂದು ಕೆಲಸಕ್ಕೆ ಒಂದು ಇಡೀ ಸಂಜೆ ಹೋದರೂ ಹೋಗಲಿ. ಮಗು ಗೊಂಬೆಯನ್ನು ನಂಬುವುದು ಕಣ್ಣಿನಿಂದ.

ಕೆಂಜನ ಬಟ್ಟೆಗೆ ಗಾಢ ಕೆಂಪು ಬೇಡ. ಮೊಬೈಲ್ ಕ್ಯಾಮೆರಾಗಳಲ್ಲಿ ಅಚ್ಚ ಕೆಂಪು ಒಂದೇ ಮುದ್ದೆಯಾಗಿ ಕಾಣುತ್ತದೆ, ಹೊಲಿಗೆಯ ಆಕಾರವೆಲ್ಲ ಅಳಿಸಿಹೋಗುತ್ತದೆ. ಇಟ್ಟಿಗೆ ಬಣ್ಣಕ್ಕೆ ಕಂದು ಸೇರಿದ್ದು ಸರಿ. ಕೊಡೆಯ ಕಡ್ಡಿಗಳನ್ನು 40 ಸೆಂ.ಮೀ.ಗೆ ಕತ್ತರಿಸಿ, ತುದಿ ಉಜ್ಜಿ ಮೊಂಡು ಮಾಡಿ, ಹೊಳಪಿಲ್ಲದ ಕಪ್ಪು ಬಳಿದು ಗೊಂಬೆಯ ಅಂಗೈಗೆ ಹೊಲಿಯಿರಿ. ಇಡೀ ಗೊಂಬೆಯ ತಲೆ 300 ಗ್ರಾಂ ಮೀರಬಾರದು. ಎತ್ತಿದ ಕೈ ಎರಡು ಮೂರು ನಿಮಿಷಕ್ಕೇ ನಡುಗಲು ಶುರುವಾಗುತ್ತದೆ.

ರಂಗ

ಒಂದಿಂಚಿನ ಪಿವಿಸಿ ಪೈಪ್‌ನಲ್ಲಿ 8 ಅಡಿ ಅಗಲದ ಚೌಕಟ್ಟು. ಆಡಿಸುವವರು 45 ಸೆಂ.ಮೀ. ಎತ್ತರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರುವುದಾದರೆ ಮುಂದಿನ ಪರದೆಯ ಮೇಲಂಚು ನೆಲದಿಂದ 140 ಸೆಂ.ಮೀ. ಇರಲಿ. 8 ಅಡಿಗೆ ಪಿವಿಸಿ ಬಳುಕುತ್ತದೆ, ಒಳಗೊಂದು ಬಿದಿರು ತೂರಿಸಿ. ಕಾಲುಗಳ ಮೇಲೆ 5 ಕಿಲೋ ಮರಳಿನ ಚೀಲ. ಹಿಂದಿನ ದೃಶ್ಯಪಟ ಮುಂದಿನ ಪರದೆಯಿಂದ 3 ಅಡಿಗಿಂತ ಹತ್ತಿರ ಬಂದರೆ ಗೊಂಬೆಗಳ ನೆರಳು ಅದರ ಮೇಲೆ ಬೀಳುತ್ತದೆ.

ಅಜ್ಜಿಯ ಮನೆಗೆ ಕೆಮ್ಮಣ್ಣಿನ ಗೋಡೆ, ಅದರ ಮೇಲೆ ಹಸೆ ಚಿತ್ತಾರ ಬಹಳ ಚೆನ್ನಾಗಿ ಒಪ್ಪುತ್ತದೆ. ಸಾಗರ, ಸೊರಬ ಭಾಗದ ದೀವರ ಮನೆಗಳ ಹೆಣ್ಣುಮಕ್ಕಳ ಕಲೆ ಇದು. ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಬಲ್ಲವರನ್ನು ಕರೆದು, ಕೂಲಿ ಕೊಟ್ಟು ಬರೆಸಿ, ಅವರೊಪ್ಪಿದರೆ ಕೊನೆಯ ಹೆಸರುಗಳಲ್ಲಿ ಸೇರಿಸಿ. ಕ್ಯಾಮೆರಾಕ್ಕಾಗಿ ಒಂದು ಬದಲಾವಣೆ ಕೇಳಿಕೊಳ್ಳಬೇಕಾಗುತ್ತದೆ: ಒತ್ತೊತ್ತಾದ ಸಣ್ಣ ಗೆರೆಗಳು ಟಿವಿಯಲ್ಲಿ ಮಿರಮಿರ ಅಲುಗುತ್ತವೆ, ಆದ್ದರಿಂದ ಗೆರೆ 8 ಮಿ.ಮೀ.ಗಿಂತ ದಪ್ಪ, ಸಂದು ಅದಕ್ಕಿಂತ ಅಗಲ.

ಮಾತು ಮೊದಲು, ಗೊಂಬೆ ಆಮೇಲೆ

ಘಟ್ಟದ ಕೆಳಗೆ ಕುಂದಾಪುರದ ಹತ್ತಿರ ಉಪ್ಪಿನಕುದ್ರುವಿನ ಯಕ್ಷಗಾನ ಸೂತ್ರದ ಗೊಂಬೆಯಾಟ ನೋಡಿದವರಿಗೆ ಇದು ಗೊತ್ತು: ಭಾಗವತರ ಪದವನ್ನು ಹಿಡಿದೇ ಗೊಂಬೆ ಹೆಜ್ಜೆ ಇಡುತ್ತದೆ. ಟಿವಿಗೂ ಅದೇ ಕ್ರಮ. ಗೊಂಬೆ ಎತ್ತಿಕೊಂಡೇ ಮಾತಾಡಿದರೆ ಕೈ ನೋವು ಧ್ವನಿಯಲ್ಲಿ ಕೇಳಿಸುತ್ತದೆ, ಬಟ್ಟೆಯ ಸರಸರ ಮೈಕಿಗೆ ಬೀಳುತ್ತದೆ. ಧ್ವನಿಯನ್ನು ಮೊದಲೇ ರೆಕಾರ್ಡ್ ಮಾಡಿ, ಚಿತ್ರೀಕರಣದಲ್ಲಿ ಸ್ಪೀಕರಿನಲ್ಲಿ ಹಾಕಿ, ಅದಕ್ಕೆ ಆಡಿಸಿ.

ಚರ್ಚ್ ಹಾಲು ರೆಕಾರ್ಡಿಂಗ್‌ಗೆ ಸಲ್ಲದು, ಮಾತು ಮಾರ್ದನಿಸುತ್ತದೆ. 10 × 10 ಅಡಿಯ ಮಲಗುವ ಕೋಣೆ, ಗೋಡೆಗೆ ಒರಗಿಸಿದ ಎರಡು ಹಾಸಿಗೆ, ನೆಲಕ್ಕೆ ಜಮಖಾನೆ, ಮಾತಾಡುವವರ ಬೆನ್ನ ಹಿಂದೆ ತೂಗುಬಿಟ್ಟ ಕಂಬಳಿ, ಇಷ್ಟು ಸಾಕು. ಮೈಕ್ ಬಾಯಿಂದ 15ರಿಂದ 20 ಸೆಂ.ಮೀ. ದೂರ, ನೇರವಲ್ಲದೆ ಚೂರು ಪಕ್ಕಕ್ಕೆ. ನೇರ ಇಟ್ಟರೆ ಪ, ಫ, ಭ ಬಂದಾಗಲೆಲ್ಲ ಗಾಳಿ ಹೊಡೆಯುತ್ತದೆ. ರೆಕಾರ್ಡಿಂಗ್ ಸೆಟ್ಟಿಂಗ್ 48 ಕಿಲೋಹರ್ಟ್ಸ್, ಧ್ವನಿಯ ಮೀಟರಿನಲ್ಲಿ ಜೋರು ಮಾತು ಮೈನಸ್ 6 ಡೆಸಿಬಲ್ ದಾಟದಂತೆ. ಫ್ಯಾನು, ಫ್ರಿಜ್ಜು ಆರಿಸಿ. ಇನ್ವರ್ಟರ್ ಮೇಲೆ ಓಡುವ ಲ್ಯಾಪ್‌ಟಾಪ್‌ನಿಂದ ಗುಂಯ್ ಎಂಬ ಸದ್ದು ಸೇರುವುದುಂಟು, ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ. ಕಾಡಿನಂಚಿನ ಮನೆಯಾದರೆ ಸಂಜೆ ಜೀರುಂಡೆ ಶುರುವಾಗುವ ಮೊದಲೇ ಮುಗಿಸಿ. ಆ ಸ್ವರವನ್ನು ಯಾವ ತಂತ್ರಾಂಶವೂ ಮಾತು ಕೆಡಿಸದೆ ತೆಗೆಯುವುದಿಲ್ಲ. ಕೊನೆಗೆ ಎಲ್ಲರೂ ಸುಮ್ಮನಿದ್ದು 30 ಸೆಕೆಂಡ್ ಖಾಲಿ ಕೋಣೆಯ ಸದ್ದು ಹಿಡಿಯಿರಿ. ಎಡಿಟಿಂಗ್‌ನಲ್ಲಿ ಮಾತಿನ ನಡುವಿನ ಸಂದು ತುಂಬಲು ಅದು ಬೇಕು.

ಮಕ್ಕಳಿಂದ ಧ್ವನಿ ಕೊಡಿಸುವಾಗ ಕಾಗದ ಕೈಗೆ ಕೊಡಬೇಡಿ, ಪಾಠ ಓದಿದ ರಾಗ ಬರುತ್ತದೆ. ನೀವು ಸನ್ನಿವೇಶ ಹೇಳಿ, ಒಂದು ಸಾಲು ಹೇಳಿಸಿ, ಮೂರು ಸಲ ಬೇರೆ ಬೇರೆ ರೀತಿಯಲ್ಲಿ ಹೇಳಿಸಿ, ಒಳ್ಳೆಯದನ್ನು ಗುರುತು ಹಾಕಿಕೊಳ್ಳಿ. ಒಂದು ಮಗುವಿಗೆ ಒಂದು ಸಲಕ್ಕೆ ಅರ್ಧ ಗಂಟೆ ಮೀರದಿರಲಿ.

ಆಡಿಸುವ ಕಲೆ

ಬಾಯಿ ತೆರೆಯುವುದು ಹೆಬ್ಬೆರಳಿನಿಂದ. ಮೇಲಿನ ನಾಲ್ಕು ಬೆರಳು ಅಲುಗದೆ, ಹೆಬ್ಬೆರಳು ಕೆಳಗಿಳಿಯಬೇಕು. ಹೊಸಬರು ನಾಲ್ಕು ಬೆರಳನ್ನೇ ಎತ್ತುತ್ತಾರೆ, ಆಗ ಪ್ರತಿ ಅಕ್ಷರಕ್ಕೂ ತಲೆ ಹಿಂದಕ್ಕೆ ಹಾರುತ್ತದೆ; ಉದ್ದ ಕೊಕ್ಕಿನ ಮಂಗಟ್ಟೆಯಲ್ಲಿ ಈ ತಪ್ಪು ಎರಡು ಪಟ್ಟು ಕಾಣುತ್ತದೆ. ಮೇಲಿನ ಬೆರಳುಗಳನ್ನು ಕಿಟಕಿಯ ಅಡ್ಡಪಟ್ಟಿಯ ಕೆಳಗೆ ತಾಗಿಸಿಟ್ಟು ಹೆಬ್ಬೆರಳಷ್ಟೇ ಆಡಿಸುವ ಅಭ್ಯಾಸ ದಿನಕ್ಕೆ 10 ನಿಮಿಷ, ಎರಡು ವಾರ.

ಎಷ್ಟು ತೆರೆಯಬೇಕೆಂಬುದಕ್ಕೆ ಶಾಲೆಯಲ್ಲಿ ಕಲಿತ ಲಘು ಗುರು ಸಾಕು. ಗುರುವಿಗೆ ಪೂರ್ತಿ, ಲಘುವಿಗೆ ಅರ್ಧ. "ಬಾರೋ ಪುಟ್ಟ" ಎಂಬಲ್ಲಿ ಬಾ, ರೋ, ಪುಟ್ ಮೂರಕ್ಕೂ ಪೂರ್ತಿ, ಕೊನೆಯ ಟ ಅರ್ಧ, ಆಮೇಲೆ ಬಾಯಿ ಮುಚ್ಚಿ. ವೇಗದ ಮಾತಿನಲ್ಲಿ ಲಘುಗಳನ್ನು ಬಿಟ್ಟು ಗುರುಗಳಿಗಷ್ಟೇ ತೆರೆದರೂ ನೋಡುವವರ ಕಣ್ಣು ಒಪ್ಪುತ್ತದೆ. ಮ, ಪ, ಬ ಬರುವ ಮುನ್ನ ಬಾಯಿ ಒಮ್ಮೆ ಮುಚ್ಚಿರಬೇಕು, ಆಮೇಲೆ ತೆರೆಯಬೇಕು. "ಅಮ್ಮ" ಎನ್ನುವಾಗ ನಡುವೆ ಮುಚ್ಚದ ಗೊಂಬೆಯ ಸುಳ್ಳು ಚಿಕ್ಕ ಮಗುವಿಗೂ ತಿಳಿಯುತ್ತದೆ. ಅಕ್ಷರ ಹುಟ್ಟುವಾಗ ಬಾಯಿ ತೆರೆಯಬೇಕು. ಅಕ್ಷರಕ್ಕೆ ಸರಿಯಾಗಿ ಮುಚ್ಚಿದರೆ ಗೊಂಬೆ ಮಾತನ್ನು ಕಚ್ಚಿ ನುಂಗಿದಂತೆ ಕಾಣುತ್ತದೆ.

ಕೈ ಮೇಲೆತ್ತಿದಾಗ ಮಣಿಕಟ್ಟು ತಾನಾಗಿ ಹಿಂದಕ್ಕೆ ವಾಲಿ ಗೊಂಬೆ ಸೂರು ನೋಡುತ್ತದೆ. ನಿಮಗೆ ತೀರಾ ತಗ್ಗಿಸಿದಂತೆ ಅನ್ನಿಸುವಷ್ಟು ಮಣಿಕಟ್ಟು ಮುಂದಕ್ಕೆ ಬಗ್ಗಿಸಿದರೆ ಮಾತ್ರ ಕ್ಯಾಮೆರಾದಲ್ಲಿ ನೋಟ ನೇರವಾಗುತ್ತದೆ. ಆಯಾಸವಾದಂತೆ ಗೊಂಬೆ ಮೆಲ್ಲಗೆ ಮುಳುಗುತ್ತದೆ. ಸ್ಕ್ರಿಪ್ಟ್ ಹಿಡಿದವರು "ಎತ್ತರ" ಎಂದು ಪಿಸುಗುಟ್ಟುತ್ತಲೇ ಇರಬೇಕು. ಪ್ರವೇಶ ಯಾವಾಗಲೂ ಪಕ್ಕದಿಂದ, ಮೆಟ್ಟಿಲು ಹತ್ತಿ ಬಂದಂತೆ ನಾಲ್ಕು ಹೆಜ್ಜೆಯಲ್ಲಿ. ಧುತ್ತೆಂದು ನೆಟ್ಟಗೆ ಮೇಲೆದ್ದರೆ ಅದರಡಿ ನೆಲವಿಲ್ಲವೆಂದು ಗೊತ್ತಾಗಿಬಿಡುತ್ತದೆ.

ಮಾತಾಡದ ಗೊಂಬೆ ಮಾತಾಡುವವರ ಕಡೆ ನೋಡುತ್ತ ಸುಮ್ಮನಿರಬೇಕು. ಇದು ಎಲ್ಲಕ್ಕಿಂತ ಕಷ್ಟ, ಎಲ್ಲಕ್ಕಿಂತ ಮುಖ್ಯ. ಅಜ್ಜಿ ಊಟಕ್ಕೆ ಕರೆದಾಗ ಕೆಂಜ ತನ್ನ ಕೈ ನೋಡಿಕೊಳ್ಳುವ ಆ ಎರಡು ಸೆಕೆಂಡಿನಲ್ಲಿ ಪಕ್ಕದಲ್ಲಿ ಮಂಗಟ್ಟೆ ರೆಕ್ಕೆ ಬಡಿದರೆ ಇಡೀ ಸಂಚಿಕೆ ಅಲ್ಲೇ ಹೋಯಿತು.

ಆಡಿಸುವವರು ತಮ್ಮ ಗೊಂಬೆಯನ್ನು ನೋಡಲೇಬೇಕು. ಕ್ಯಾಮೆರಾದಿಂದ ಎಚ್‌ಡಿಎಂಐ ತಂತಿ ಎಳೆದು ನೆಲದ ಮೇಲೊಂದು ಟಿವಿ ಇಡಿ. ವೈಫೈ ಮೂಲಕ ತೋರಿಸಿದರೆ ಚಿತ್ರ ತಡವಾಗಿ ಬಂದು ಬಾಯಿ ಮಾತಿಗೆ ಸೇರುವುದಿಲ್ಲ. ಟಿವಿಯಲ್ಲಿ ಎಡ ಬಲ ಕನ್ನಡಿಗೆ ವಿರುದ್ಧ, ಕೈ ಒಗ್ಗಲು ಕೆಲವು ದಿನ ಬೇಕು.

ಚಿತ್ರೀಕರಣ

ಮೊಬೈಲ್ ಸಾಕು. 1920 × 1080, ಸೆಕೆಂಡಿಗೆ 25 ಚಿತ್ರ, ಶಟರ್ (ಒಂದು ಚಿತ್ರಕ್ಕೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್. ನಮ್ಮ ವಿದ್ಯುತ್ 50 ಹರ್ಟ್ಸ್, ಅಗ್ಗದ ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. 1/50 ಅಥವಾ 1/100 ಬಿಟ್ಟು ಬೇರೆ ಶಟರ್ ಇಟ್ಟರೆ ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿಯಬಹುದು. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಲಾಕ್ ಮಾಡಿ. ಕಿಟಕಿಗಳಿಗೆ ದಪ್ಪ ಬಟ್ಟೆ ಕಟ್ಟಿ, ಮಲೆನಾಡಿನ ಮೋಡ ನಿಮಿಷಕ್ಕೊಮ್ಮೆ ಬೆಳಕು ಬದಲಿಸುತ್ತದೆ. 20 ವ್ಯಾಟಿನ ಎರಡು ಎಲ್‌ಇಡಿ ಬ್ಯಾಟನ್ (ಉದ್ದ ಪಟ್ಟಿ ದೀಪ) ಮುಂದೆ ಎರಡೂ ಪಕ್ಕದಿಂದ, ಮಡಿಸದ ಬಿಳಿ ಪಂಚೆಯ ಹಿಂದಿನಿಂದ. ಮೂರನೆಯದು ದೃಶ್ಯಪಟಕ್ಕೆ ಬೇರೆ.

ಪ್ರತಿ ಶಾಟ್ ಶುರುವಿನಲ್ಲಿ ಸ್ಪೀಕರಿನಿಂದ ಮೂರು ಟಿಕ್ ಸದ್ದು ಬರುವಂತೆ ಧ್ವನಿ ಕಡತ ಮಾಡಿಟ್ಟುಕೊಳ್ಳಿ, ಎಡಿಟಿಂಗ್‌ನಲ್ಲಿ ಜೋಡಿಸಲು ಅದೇ ಆಧಾರ. ಮೊದಲು ಇಡೀ ದೃಶ್ಯ ದೂರದಿಂದ, ಆಮೇಲೆ ಒಂದೊಂದು ಗೊಂಬೆಯ ಹತ್ತಿರದ ಶಾಟ್, ಕೊನೆಗೆ ವಸ್ತುಗಳು: ಬೀಜ, ಮೊರ, ಕೈ. ಒಂದು ಶಾಟ್ 2 ನಿಮಿಷ ಮೀರಬಾರದು.

ಎಡಿಟಿಂಗ್, ಪ್ರಸಾರ

ಮೊಬೈಲ್‌ಗಳು ಚಿತ್ರದ ವೇಗವನ್ನು ಸ್ಥಿರವಾಗಿ ಇಡುವುದಿಲ್ಲ, ಹಾಗಾಗಿ ಶುರುವಿಗೆ ಸರಿಯಿದ್ದ ಬಾಯಿ ಕೊನೆಗೆ ಜಾರಿರುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಎಲ್ಲವನ್ನೂ ಸ್ಥಿರ 25ಕ್ಕೆ ಬದಲಿಸಿಕೊಂಡೇ ಎಡಿಟಿಂಗ್‌ಗೆ ತನ್ನಿ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಈ ಕೆಲಸಕ್ಕೆ ಧಾರಾಳ. ಹಿನ್ನೆಲೆ ಸಂಗೀತ ಮಾತಿಗಿಂತ 15ರಿಂದ 18 ಡೆಸಿಬಲ್ ಕೆಳಗಿರಲಿ. ಕನ್ನಡ ಅಕ್ಷರಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಕಡತಗಳಿಂದ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಒತ್ತಕ್ಷರ ಒಡೆದಿದೆಯೇ ಎಂದು ಪ್ರತಿ ಸಾಲು ನೋಡಿ. ಅಕ್ಷರಗಳು ಚೌಕಟ್ಟಿನ ಅಂಚಿನಿಂದ ಶೇ. 10 ಒಳಗಿರಲಿ, ಹಳೆಯ ಟಿವಿಗಳು ಅಂಚು ಕತ್ತರಿಸುತ್ತವೆ.

ಹಾಡು ನಿಮ್ಮ ಕ್ವಾಯರ್ ಹೊಸದಾಗಿ ಹಾಡಿ ರೆಕಾರ್ಡ್ ಮಾಡಿದ್ದೇ ಆಗಿರಬೇಕು. ಕೀರ್ತನೆ ನೂರು ವರ್ಷ ಹಳೆಯದಿದ್ದರೂ ಬೇರೆಯವರ ರೆಕಾರ್ಡಿಂಗ್ ಅವರದೇ ಸ್ವತ್ತು. ಯೂಟ್ಯೂಬ್‌ನಲ್ಲಿ ಹಾಕುವಾಗ ಮಕ್ಕಳಿಗಾಗಿ ಮಾಡಿದ್ದು ಎಂದು ಗುರುತು ಹಾಕುವುದು 2020ರ ಜನವರಿಯಿಂದ ಕಡ್ಡಾಯ. ಕಾಮೆಂಟ್‌ಗಳು ತಾವಾಗಿ ಮುಚ್ಚಿಹೋಗುತ್ತವೆ, ಅದು ಒಳ್ಳೆಯದೇ. ಧ್ವನಿ ಕೊಟ್ಟ ಮಕ್ಕಳ ಹೆತ್ತವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಹೆಸರು ಹಾಕುವಾಗ ಮೊದಲ ಹೆಸರು ಸಾಕು. ಶಾಲೆ, ಊರು ಬೇಡ.

ಮಳೆಗಾಲದಲ್ಲಿ ಗೊಂಬೆ ಕಾಪಾಡುವುದು

ಚಿತ್ರೀಕರಣದ ಕೊನೆಯ ದಿನವೇ ಎಲ್ಲ ಗೊಂಬೆಗಳ ಒಳಗಿನ ಬೆವರು ಒಣಗಿಸಬೇಕು. ಬಿಸಿಲಿಗೆ ಹಾಕಬೇಡಿ, ಫೋಮ್ ಹಳದಿಯಾಗಿ ಪುಡಿಯಾಗುತ್ತದೆ. ನೆರಳಿನಲ್ಲಿ ಫ್ಯಾನಿನ ಕೆಳಗೆ ಒಂದು ಇಡೀ ದಿನ ತೂಗಿಬಿಡಿ. ತಲೆಯೊಳಗೆ ಹಳೆಯ ಹತ್ತಿ ಬಟ್ಟೆ ತುಂಬಿ, ಬಾಯಿ ತಟ್ಟೆಯ ನಡುವೆ ತೆಳು ಬಟ್ಟೆ ಇಟ್ಟು, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ನಿಲ್ಲಿಸಿ. ಪೆಟ್ಟಿಗೆಗೆ 250 ಗ್ರಾಂ ಸಿಲಿಕಾ ಜೆಲ್, ಬಟ್ಟೆ ಚೀಲದಲ್ಲಿ. ನುಸಿಗುಳಿಗೆ ಹಾಕಬೇಡಿ: ಅದರ ವಾಸನೆ ಫೋಮ್ ಬಿಟ್ಟು ಹೋಗುವುದಿಲ್ಲ, ಮುಂದಿನ ವರ್ಷ ಮಕ್ಕಳು ಆ ಗೊಂಬೆಯನ್ನು ಮುಖದ ಹತ್ತಿರ ತರುತ್ತಾರೆ. ಅಡುಗೆಮನೆಯ ಅಟ್ಟ ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆ ಫ್ಲೀಸ್ ಬಟ್ಟೆಗೆ ಹತ್ತಿದರೆ ತೊಳೆದರೂ ಹೋಗದು. ಹದಿನೈದು ದಿನಕ್ಕೊಮ್ಮೆ ಮಳೆ ಹೊಳವಾದ ಹೊತ್ತಿಗೆ ಪೆಟ್ಟಿಗೆ ತೆರೆದು, ಅಡಿಕೆ ಹಾಳೆಯ ಕೊಕ್ಕನ್ನು ಮೊದಲು ನೋಡಿ. ಬೂಸ್ಟು ಹಿಡಿಯುವುದಾದರೆ ಅಲ್ಲಿಂದಲೇ. ಕಂಡರೆ ಒಣಬಟ್ಟೆಯಿಂದ ಒರೆಸಿ, ಮತ್ತೊಂದು ಕೋಟ್ ವಾರ್ನಿಶ್ ಕೊಟ್ಟು, ಪೂರ್ತಿ ಒಣಗಿದ ಮೇಲೆ ಒಳಗಿಡಿ. ಸಿಲಿಕಾ ಜೆಲ್ಲಿನ ಬಣ್ಣದ ಮಣಿಗಳು ಬಣ್ಣ ಬದಲಿಸಿದ್ದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿಮಾಡಿ ಮತ್ತೆ ಹಾಕಬಹುದು. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ.